ಸುಮ್ಮನೆ ನಡೆಯುವವಳು

೧೯೪೩ ಜನವರಿ ೪, ಸೋಮವಾರ

ಈ ಪುಸ್ತಕ ನನ್ನದಲ್ಲ. ಮೊದಲ ಎರಡು ಪುಟಗಳಲ್ಲಿ ಇವರ ಕೈಬರಹವಿದೆ. ಇಷ್ಟು ದಂಡ, ಇಷ್ಟು ಬಸ್ಕಿ ಎಂದು ನಾಲ್ಕು ದಿನ ಬರೆದು ಬಿಟ್ಟಿದ್ದಾರೆ. ಗರಡಿಮನೆಗೆ ಹೋಗುವುದನ್ನು ಬಿಟ್ಟಿಲ್ಲ, ಬರೆಯುವುದನ್ನು ಮಾತ್ರ ಬಿಟ್ಟರು. ಉಳಿದ ಹಾಳೆಗಳು ಗೆದ್ದಲಿಗೆ ಹೋಗುವ ಬದಲು ನನ್ನ ಸಿಟ್ಟಿಗೆ ಆಗಲಿ. ಬಾಯಿಬಿಟ್ಟು ಆಡಿದರೆ ಅತ್ತೆಗೆ ಕೇಳಿಸುತ್ತದೆ.

ಇವತ್ತು ಆಸ್ಪತ್ರೆಗೆ ಹೋಗಿದ್ದೆ. ಲೇಡಿ ಡಾಕ್ಟರು ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಕಾಯಿಸಿ, ಬಣ್ಣ ನೋಡಿ, ಸಿಹಿಮೂತ್ರ ಅಂದರು. ನನಗೆ ಮೂವತ್ತನಾಲ್ಕು. ಅಮ್ಮ ಹೋದದ್ದು ಇದರಲ್ಲೇ. ಕಾಲ್ಬೆರಳಿನ ಸಂದಿಯಲ್ಲಿ ಕಡಲೆಕಾಳಿನಷ್ಟು ಹುಣ್ಣು ಎದ್ದಿತ್ತು, ಮೂರು ತಿಂಗಳಿಗೆ ಅಮ್ಮನೇ ಇರಲಿಲ್ಲ.

"ಸೂಜಿಮದ್ದು ಯುದ್ಧದಿಂದ ಸರಿಯಾಗಿ ಬರ್ತಾ ಇಲ್ಲ. ಅನ್ನ ಕಡಿಮೆ ಮಾಡಿ, ರಾಗಿ ತಿನ್ನಿ. ದಿನಾ ಒಂದು ಗಂಟೆ ನಡೀರಿ. ಸದ್ಯಕ್ಕೆ ನಿಮ್ಮ ಕಾಲೇ ನಿಮಗೆ ಮದ್ದು" ಎಂದರು.

"ಬೆಳಿಗ್ಗೆ ಎದ್ದಾಗಿನಿಂದ ಮಲಗೋ ತನಕ ಕಾಲ ಮೇಲೇ ಇರ್ತೀನಿ ಡಾಕ್ಟ್ರೇ."

"ಅದು ಕೆಲಸ. ಅದರಲ್ಲಿ ಬೆನ್ನು ಬಗ್ಗುತ್ತೆ. ನಾನು ಹೇಳೋದು ಕೈಬೀಸ್ಕೊಂಡು ನಡೆಯೋದು. ಬೇರೆ ಏನೂ ಮಾಡದೆ."

ಬೇರೆ ಏನೂ ಮಾಡದೆ. ಆಕೆಗೆ ಮದುವೆಯಾಗಿಲ್ಲ, ಕೈಬೀಸಲು ಜಾಗವಿದೆ.

ಸಂಜೆ ಇವರು ಕೋರ್ಟಿನಿಂದ ಬಂದು, ಡಾಕ್ಟರು ಏನಂದರು ಎಂದು ಕೇಳಿದರು. ಹೇಳಿದೆ. "ರಾಗಿ ಒಳ್ಳೇದು. ನಮ್ಮ ಉಸ್ತಾದರೂ ಅದನ್ನೇ ಹೇಳ್ತಾರೆ" ಎಂದು ಪೇಪರು ಬಿಡಿಸಿದರು. ಮಿಕ್ಕದ್ದು ಅವರ ಕಿವಿಗೆ ಬೀಳಲೇ ಇಲ್ಲ.

ಜನವರಿ ೬, ಬುಧವಾರ

ಒಂದು ಗಂಟೆ ಎಲ್ಲಿದೆ ಎಂದು ಇವತ್ತು ಇಡೀ ದಿನ ಹುಡುಕಿದೆ.

ಯುದ್ಧ ಅಂತ ಸರಕಾರದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಕೂತಿದ್ದಾರೆ. ಹೊಸ ಟೈಮಿನ ಐದಕ್ಕೆ ಏಳುವುದೆಂದರೆ ನಿಜವಾಗಿ ನಾಲ್ಕಕ್ಕೆ ಎದ್ದಂತೆ. ಎದ್ದು ಬಾಗಿಲು ಸಾರಿಸಿ ರಂಗೋಲಿ ಹಾಕಬೇಕು. ಹಂಡೆಯ ಒಲೆ ಹಚ್ಚಬೇಕು. ರಾತ್ರಿ ನೆನೆಹಾಕಿದ ಬಾದಾಮಿಯ ಸಿಪ್ಪೆ ಸುಲಿದು, ಕಲ್ಲಿನ ಮೇಲೆ ಬೆಣ್ಣೆಯ ಹಾಗೆ ಅರೆಯಬೇಕು. ಆರಕ್ಕೆ ಇವರು ಗರಡಿಗೆ. ಏಳೂವರೆಗೆ ಬರುತ್ತಾರೆ, ಆ ಹೊತ್ತಿಗೆ ನೀರು ಕುದಿಯುತ್ತಿರಬೇಕು, ಬೆನ್ನಿಗೆ ಎಣ್ಣೆ ತಿಕ್ಕುವ ಕೈ ಸಿದ್ಧವಿರಬೇಕು, ಬಾದಾಮಿ ಹಾಲು ಉಗುರುಬೆಚ್ಚಗಿರಬೇಕು. ಆಮೇಲೆ ಆ ಲಂಗೋಟಿ. ಗರಡಿಯ ಕೆಮ್ಮಣ್ಣು ಮೂರು ನೀರಿಗೂ ಬಿಡುವುದಿಲ್ಲ. ಅದನ್ನು ಒಗೆದು ಮುಗಿಸುವಷ್ಟರಲ್ಲಿ ಮಕ್ಕಳ ತಿಂಡಿ, ಅತ್ತೆಯ ಮಡಿನೀರು, ಹತ್ತಕ್ಕೆ ಊಟ, ಹನ್ನೊಂದಕ್ಕೆ ಕೋರ್ಟು.

ಕೋರ್ಟಿನಲ್ಲಿ ಎಲ್ಲರೂ ಹೊಗಳುತ್ತಾರಂತೆ. ಇಷ್ಟು ಕೆಲಸದ ನಡುವೆಯೂ ತ್ರಿವಿಕ್ರಮರಾಯರು ವ್ಯಾಯಾಮ ತಪ್ಪಿಸುವುದಿಲ್ಲ, ಎಂಥ ಶಿಸ್ತು ಎಂದು. ಆ ಶಿಸ್ತನ್ನು ದಿನಾ ಅರೆಯುವವಳು ನಾನು.

ಏಳರಿಂದ ಎಂಟು ಒಂದೇ ನನಗೆ ಹೊಂದುವ ಹೊತ್ತು. ಬೆಳಕು ಮೂಡಿರುತ್ತದೆ, ಬಿಸಿಲಿರುವುದಿಲ್ಲ. ಸರಿಯಾಗಿ ಆ ಹೊತ್ತಿಗೇ ಇವರು ಮಣ್ಣು ಮೆತ್ತಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ.

ಜನವರಿ ೧೧, ಸೋಮವಾರ

ಕೊಡ ಹಿಡಿದುಕೊಂಡು ಹೊರಟೆ. ಕೊಡ ಕೈಯಲ್ಲಿದ್ದರೆ ಯಾರೂ ಏನೂ ಕೇಳುವುದಿಲ್ಲ. ಹೊಳೆಯ ಮೆಟ್ಟಿಲವರೆಗೆ ಹೋಗಿ ಇಳಿಯದೆ, ದಂಡೆಯ ಮೇಲೇ ಸೇತುವೆ ಕಡೆಗೆ ನಡೆದೆ. ಅರ್ಧ ದಾರಿಯಲ್ಲಿ ಎದುರುಮನೆ ಶಕುಂತಲಮ್ಮ ಸಿಕ್ಕಿದರು.

"ಏನ್ ಭವಾನಮ್ಮ, ಮೆಟ್ಟಿಲು ಆ ಕಡೆ ಇದೆಯಲ್ಲ. ಖಾಲಿ ಕೊಡ ಎದುರಿಗೆ ಹಿಡ್ಕೊಂಡು ಬರ್ತಿದೀರಲ್ಲ, ನಮ್ಮ ಯಜಮಾನ್ರು ಇವತ್ತು ಕೆಲಸದ ಮೇಲೆ ಊರಿಗೆ ಹೊರಟಿದಾರೆ ಮಾರಾಯ್ತಿ."

ತಿರುಗಿ ಹೋಗಿ ಕೊಡ ತುಂಬಿಸಿಕೊಂಡು ಬಂದೆ. ತುಂಬಿದ ಕೊಡ ಹೊತ್ತು ಕೈಬೀಸುವುದು ಹೇಗೆಂದು ಆ ಲೇಡಿ ಡಾಕ್ಟರನ್ನು ಕೇಳಬೇಕು.

ಮನೆಗೆ ಬಂದಾಗ ಇವರು ಜಗುಲಿಯ ಮೇಲೆ ಕೂತಿದ್ದರು. ಒಲೆ ಆರಿತ್ತು. ಒಲೆಗೆ ಒಂದು ಸೌದೆ ತಳ್ಳಲು ದಂಡ ಹೊಡೆದ ಕೈಗೆ ಆಗಲಿಲ್ಲ.

ಜನವರಿ ೧೬, ಶನಿವಾರ

ಉಪಾಯ ಹೊಳೆಯಿತು. ಕೋಟೆ ಆಂಜನೇಯನಿಗೆ ದಿನಾ ನೂರೆಂಟು ಪ್ರದಕ್ಷಿಣೆ, ನಲವತ್ತೆಂಟು ದಿನ ಎಂದು ಹರಕೆ ಹೊತ್ತಿದ್ದೇನೆಂದು ಅತ್ತೆಗೆ ಹೇಳಿದೆ. ಅತ್ತೆಗೆ ಬಹಳ ಸಂತೋಷವಾಯಿತು. ತಮ್ಮ ಪೆಟ್ಟಿಗೆಯಿಂದ ತುಳಸಿಮಣಿ ಸರ ತೆಗೆದು ಎಣಿಸಲೆಂದು ಕೊಟ್ಟರು. ದೇವರ ಕೆಲಸ ಎಂದಮೇಲೆ ಇವರೂ ಅಡ್ಡಿ ಮಾಡಲಿಲ್ಲ. "ನೀರು ಮಾತ್ರ ಕಾಯಿಸಿಟ್ಟು ಹೋಗು" ಎಂದರು.

ದೇವರ ಹೆಸರಲ್ಲಾದರೆ ಹೆಂಗಸು ಸುತ್ತಬಹುದು. ಸುತ್ತಿದಲ್ಲೇ ಸುತ್ತಬೇಕು, ಅಷ್ಟೆ.

ಫೆಬ್ರವರಿ ೨, ಮಂಗಳವಾರ

ಗುಡಿಯ ಸುತ್ತು ಎಷ್ಟು ಮಹಾ ದೊಡ್ಡದು. ಎಡಗಡೆಗೆ ತಿರುಗಲು ಇಲ್ಲ, ಬರೀ ಬಲಗಡೆಗೆ. ಇವತ್ತು ಅರವತ್ತನೆಯ ಸುತ್ತಿಗೆ ತಲೆ ತಿರುಗಿ ಕಂಬ ಹಿಡಿದು ಕೂತೆ. ಅರ್ಚಕರು ತೀರ್ಥ ತಂದುಕೊಟ್ಟು, "ಗಂಡುಮಗು ಬೇಕಾಗಿತ್ತೇನಮ್ಮ?" ಎಂದು ಕೇಳಿದರು. ಗಂಡು ಒಂದು, ಹೆಣ್ಣು ಒಂದು ಇದೆ ಎಂದೆ. "ಹಾಗಾದ್ರೆ ಯಜಮಾನರಿಗೆ ಬಡ್ತಿಗೋ?" ಎಂದರು.

ನನ್ನ ಕಾಲಿಗೆ ಎಂದು ಹೇಳಲು ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಸಿಟ್ಟು ಬಂತು. ದೇವರಿಗೆ ಸುಳ್ಳು ಹೇಳಿಕೊಂಡು ಎಷ್ಟು ದಿನ ತಿರುಗುವುದು? ಎದ್ದವಳೇ ಆಂಜನೇಯನಿಗೆ ಕೈಮುಗಿದು, ತಪ್ಪಾಯಿತಪ್ಪ, ಇದು ಹರಕೆಯಲ್ಲ, ನನ್ನ ರೋಗ ಎಂದು ಹೇಳಿ ಹೊರಗೆ ಬಂದೆ. ನೆಟ್ಟಗೆ ಸೇತುವೆಗೆ ನಡೆದೆ. ಕೈಯಲ್ಲಿ ಏನೂ ಇರಲಿಲ್ಲ. ಮೊದಲು ಕೈಗಳನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ. ಸೆರಗಿನೊಳಗೆ ಮುದುರಿಟ್ಟುಕೊಂಡೆ.

ಸೇತುವೆಯ ಮೇಲೆ ಹಾಲಿನ ದ್ಯಾಮಮ್ಮ ಎದುರಾದಳು. ಆಚೆ ದಂಡೆಯ ಹಳ್ಳಿಯಿಂದ ದಿನಾ ತಲೆಯ ಮೇಲೆ ಹಾಲು ಹೊತ್ತು ಪೇಟೆಗೆ ಬರುವವಳು. ನಮ್ಮ ಬೀದಿಗೂ ಕೊಡುತ್ತಾಳೆ.

"ಯಾಕ್ರವ್ವಾ, ಯಾರಿಗೇನಾಯ್ತು? ಈಟೊತ್ನಲ್ಲಿ ಇಲ್ಲಿ?"

"ಯಾರಿಗೂ ಏನಿಲ್ಲ. ಸುಮ್ನೆ ನಡೀತಿದೀನಿ."

"ಸುಮ್ನೆ?"

"ಸುಮ್ನೆ. ಡಾಕ್ಟ್ರು ಹೇಳಿದಾರೆ."

ಅವಳು ತಲೆಯ ಮೇಲಿನ ಹೊರೆ ಅಲುಗದ ಹಾಗೆ ನಕ್ಕಳು. "ನಾನು ದಿನಾ ಎಂಟು ಮೈಲಿ ನಡೀತೀನಿ ಕಣ್ರವ್ವಾ. ಇದು ಮದ್ದು ಅಂತ ಯಾರೂ ಹೇಳ್ನಿಲ್ಲ ನೋಡಿ ನಂಗೆ."

ಅವಳ ಮಾತಿಗೂ ಸಿಟ್ಟು ಬಂತು. ಉತ್ತರ ಹೊಳೆಯದೆ ಹೋದದ್ದಕ್ಕೆ ಇರಬೇಕು.

ಫೆಬ್ರವರಿ ೯, ಮಂಗಳವಾರ

ಶಕುಂತಲಮ್ಮ ತನ್ನ ಗಂಡನಿಗೆ ಹೇಳಿ, ಆ ಗಂಡ ಕೋರ್ಟಿನ ಜಗುಲಿಯಲ್ಲಿ ಇವರಿಗೆ ಹೇಳಿದರಂತೆ. ಸಂಜೆ ಟೋಪಿ ತೆಗೆಯುವ ಮೊದಲೇ ಶುರುಮಾಡಿದರು.

"ನೀನು ದಿನಾ ಸೇತುವೆ ಮೇಲೆ ಗಾಳಿ ತಿನ್ನೋಕೆ ಹೋಗ್ತೀಯಂತೆ. ನಿಜವಾ?"

"ಗಾಳಿಗಲ್ಲ. ನಡೆಯೋಕೆ ಹೋಗ್ತೀನಿ. ಜನವರೀಲೇ ಹೇಳಿದ್ದೆ. ನೀವು ಪೇಪರು ಓದ್ತಿದ್ರಿ."

"ಮನೇಲಿ ಕೆಲಸ ಕಡಿಮೆಯಾಯ್ತಾ? ಬೀಸೋ ಕಲ್ಲಿದೆ, ಒನಕೆ ಇದೆ, ಬಾವಿ ಇದೆ. ಹೆಂಗಸರಿಗೆ ಅದಕ್ಕಿಂತ ವ್ಯಾಯಾಮ ಬೇಕಾ?"

"ಸಾಕಾಗತ್ತಾ? ಹಾಗಾದ್ರೆ ನಾಳೆಯಿಂದ ನೀವೇ ಬೀಸಿ. ಗರಡಿಗೆ ಯಾಕೆ ಅಷ್ಟು ದೂರ ಹೋಗ್ತೀರಿ."

ಒಳಗಿನಿಂದ ಅತ್ತೆ, "ಹರಕೆ ಅಂತ ನನಗೆ ಸುಳ್ಳು ಹೇಳಿದೆಯಲ್ಲೇ" ಎಂದರು. ತುಳಸಿಮಣಿ ಸರವನ್ನು ತಂದು ಅವರ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

ಇವರು ಮೆಲ್ಲಗೆ, ಕೋರ್ಟಿನಲ್ಲಿ ತೀರ್ಪು ಓದುವವರ ಹಾಗೆ, "ನಾಳೆಯಿಂದ ಹೋಗಕೂಡದು. ನಾಲ್ಕು ಜನರ ಮುಂದೆ ನನಗೆ ತಲೆ ಎತ್ತಿ ಓಡಾಡೋಕಾಗಲ್ಲ" ಎಂದರು.

ಇವರ ತಲೆ ನೆಟ್ಟಗಿರಬೇಕಾದರೆ ನನ್ನ ಕಾಲು ಮಡಿಚಿರಬೇಕು.

ಫೆಬ್ರವರಿ ೧೦

ಹೋಗಲಿಲ್ಲ.

ಫೆಬ್ರವರಿ ೧೧, ಗುರುವಾರ

ಹೋದೆ. ಶಕುಂತಲಮ್ಮ ರಂಗೋಲಿ ಹಾಕುತ್ತಿದ್ದರು. ಅವರ ಮುಂದೆಯೇ, ಮೆಲ್ಲಗೆ ಹೋದೆ, ಸರಿಯಾಗಿ ನೋಡಿಕೊಳ್ಳಲಿ ಎಂದು. ಅವರನ್ನು ದಾಟಿದ ಮೇಲೆ ಜೋರಾಗಿ ನಡೆದೆ. ದಾರಿಯುದ್ದಕ್ಕೂ ಇವರಿಗೆ ಹೇಳಬೇಕಾಗಿದ್ದ ಮಾತುಗಳನ್ನೆಲ್ಲ ಬಾಯೊಳಗೇ ಹೇಳಿದೆ. ಮಾತು ಮುಗಿಯುವಷ್ಟರಲ್ಲಿ ಸೇತುವೆಯ ಆಚೆ ತುದಿಗೆ ಬಂದಿದ್ದೆ.

ಬಂದಾಗ ಇವರು ತಣ್ಣೀರಲ್ಲಿ ಸ್ನಾನ ಮಾಡಿದ್ದರು. ಮಾತಿಲ್ಲ. ಬೇಡ, ಬಿಡಲಿ. ನನಗೂ ಉಸಿರು ಉಳಿಯುತ್ತದೆ.

ಫೆಬ್ರವರಿ ೨೪, ಬುಧವಾರ

ಹದಿಮೂರು ದಿನದಿಂದ ಮನೆಯಲ್ಲಿ ಮಕ್ಕಳ ಮೂಲಕ ಮಾತು. "ಗೋವಿಂದ, ನಿಮ್ಮಮ್ಮನಿಗೆ ಹೇಳು, ಅಂಗಿಗೆ ಗುಂಡಿ ಇಲ್ಲ." "ಗಿರಿಜಾ, ನಿಮ್ಮಪ್ಪನಿಗೆ ಹೇಳು, ಗುಂಡಿ ಸೂಜಿಡಬ್ಬಿಯಲ್ಲಿದೆ." ಇವತ್ತು ಗಿರಿಜೆ ನಡುವೆ ನಿಂತು, "ನನಗೆ ಇಸ್ಕೂಲಿಗೆ ಹೊತ್ತಾಯ್ತು, ನೀವೇ ಮಾತಾಡ್ಕೊಳ್ಳಿ" ಎಂದು ಹೋಗಿಬಿಟ್ಟಳು.

ಬಾದಾಮಿ ನೆನೆಹಾಕುವುದನ್ನು ಬಿಟ್ಟಿದ್ದೇನೆ. ಎಣ್ಣೆ ತಿಕ್ಕುವುದನ್ನೂ. ನೀರು ಕಾಯಿಸಿಟ್ಟು ಹೋಗುತ್ತೇನೆ, ಅಷ್ಟು ಸಾಕು. ಅತ್ತೆ ತಾವೇ ಎರಡು ದಿನ ಬಾದಾಮಿ ಅರೆದರು. ಮೂರನೆಯ ದಿನ ರಟ್ಟೆ ನೋವೆಂದು ಮಲಗಿದರು. ನನ್ನ ರಟ್ಟೆ ನಾಲ್ಕು ವರ್ಷ ಅರೆದಿದೆ. ಅದಕ್ಕೆ ನೋವಿದೆಯೇ ಎಂದು ಯಾರೂ ಕೇಳಿರಲಿಲ್ಲ.

ಈಗ ದ್ಯಾಮಮ್ಮ ಸೇತುವೆಯಿಂದ ಪೇಟೆಯವರೆಗೂ ನನ್ನ ಜೊತೆಗೇ ಬರುತ್ತಾಳೆ. ಮೊದಲು ಅವಳ ಹಿಂದೆ ಓಡಬೇಕಾಗುತ್ತಿತ್ತು. ಈಗ ಅವಳೇ ನಿಧಾನ ಮಾಡಿದ್ದಾಳೆಂದು ಕಾಣುತ್ತದೆ.

ಮಾರ್ಚ್ ೮, ಸೋಮವಾರ. ಭದ್ರಾವತಿ

ತಂಗಿ ಸರಸ್ವತಿಗೆ ಹೆಣ್ಣುಮಗುವಾಗಿದೆ. ಅಮ್ಮ ಇಲ್ಲದ ಮೇಲೆ ಬಾಣಂತನಕ್ಕೆ ನಾನೇ ತಾನೆ. ಶುಕ್ರವಾರವೇ ಬಂದೆ. ಬರುವಾಗ ಅತ್ತೆ, "ಬೆಂಕಿಪುರಕ್ಕೆ ಹೋದವಳು ಅಲ್ಲೇ ಉಳ್ಕೋಬೇಡ" ಎಂದರು. ಊರಿನ ಹೆಸರು ಬದಲಾಗಿ ಎಷ್ಟೋ ವರ್ಷವಾಗಿದೆ, ಅತ್ತೆಗೆ ಇನ್ನೂ ಬೆಂಕಿಪುರವೇ. ಇವರು ಬಸ್ಸಿನವರೆಗೆ ಬಂದು, ಟ್ರಂಕು ಮೇಲೇರಿಸಿ, ಮಾತಾಡದೆ ಹೋದರು.

ಸರಸ್ವತಿಯ ಮನೆ ಓಲ್ಡ್ ಟೌನಿನಲ್ಲಿ. ಗಂಡ ಲಕ್ಷ್ಮೀಕಾಂತ ಕಾರ್ಖಾನೆಯಲ್ಲಿ ಗುಮಾಸ್ತ. ಯುದ್ಧದ ಕೆಲಸವೆಂದು ಅವನನ್ನು ಹಗಲೂ ರಾತ್ರಿ ದುಡಿಸುತ್ತಿದ್ದಾರೆ. ಮನೆಗೆ ಬಂದರೆ ತೊಟ್ಟಿಲು ಇಣುಕಿ ನೋಡಿ ಅಲ್ಲೇ ಗೋಡೆಗೊರಗಿ ನಿದ್ದೆ ಹೋಗುತ್ತಾನೆ.

ಬೆಳಿಗ್ಗೆ ಮಗುವಿಗೆ ನೀರೆರೆದು ಮಲಗಿಸಿದ ಮೇಲೆ ಭದ್ರಾ ಹೊಳೆಯ ಸೇತುವೆಯ ಕಡೆಗೆ ಹೊರಡುತ್ತೇನೆ. ಸೈರನ್ ಕೂಗಿದ ಕೂಡಲೇ ನೂರಾರು ಜನ ಕೈಯಲ್ಲಿ ಬುತ್ತಿ ಹಿಡಿದು ಬಿರಬಿರನೆ ನಡೆಯುತ್ತಾರೆ. ತಮಿಳು, ತೆಲುಗು, ಕನ್ನಡ ಎಲ್ಲವೂ ಒಂದೇ ಬೀದಿಯಲ್ಲಿ. ಅವರ ನಡುವೆ ಒಬ್ಬ ಹೆಂಗಸು ಎಲ್ಲಿಗೆ ಹೋಗುತ್ತಾಳೆ ಎಂದು ನೋಡಲು ಯಾರಿಗೂ ಪುರಸೊತ್ತಿಲ್ಲ. ನಾಲ್ಕು ದಿನದಲ್ಲಿ ಒಬ್ಬರೂ ಏನು ಎತ್ತ ಎಂದು ಕೇಳಲಿಲ್ಲ. ಶಿವಮೊಗ್ಗೆ ಇಲ್ಲಿಂದ ಹನ್ನೊಂದು ಹನ್ನೆರಡು ಮೈಲಿಯೂ ದೂರವಿಲ್ಲ. ಅಷ್ಟರಲ್ಲಿ ಅಲ್ಲಿ ಏನು ಕೆಟ್ಟುಹೋಯಿತು?

ಮಾರ್ಚ್ ೧೪, ಭಾನುವಾರ

ಸರಸ್ವತಿ ಮಂಚದಿಂದಲೇ ನನ್ನನ್ನು ದಿಟ್ಟಿಸಿ, "ಅಕ್ಕ, ನೀನು ಎತ್ತರ ಆಗಿದೀಯ" ಎಂದಳು. ಮೂವತ್ತನಾಲ್ಕಕ್ಕೆ ಯಾರಾದರೂ ಬೆಳೆಯುತ್ತಾರೆಯೇ. ಬಾಣಂತಿಗೆ ಮಲಗಿ ಮಲಗಿ ಕಣ್ಣಿಗೆ ಏನೇನೋ ಕಾಣುತ್ತದೆ.

ಮಾರ್ಚ್ ೧೯, ಶುಕ್ರವಾರ. ಶಿವಮೊಗ್ಗ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಬೆಳಿಗ್ಗೆಯ ರೈಲಿಗೆ ಕೋರ್ಟಿನ ಜವಾನ ಚೌಡಪ್ಪ ಬಂದು, "ಅಮ್ಮಾ, ರಾಯರು ಬುಧವಾರ ಗರಡೀಲಿ ಗುಂಡುಕಲ್ಲು ಎತ್ತೋಕೋಗಿ ಸೊಂಟ ಹಿಡ್ಕೊಂಡು ಬಿದ್ರು. ಮಂಚ ಬಿಟ್ಟು ಏಳಂಗಿಲ್ಲ. ದೊಡ್ಡಮ್ಮಾರು ನಿಮ್ಮನ್ನ ಕರ್ಕೊಂಬಾ ಅಂದ್ರು" ಎಂದ. ಸರಸ್ವತಿಯನ್ನು ಪಕ್ಕದ ಮನೆಯ ತಮಿಳಿನಾಕೆಗೆ ಒಪ್ಪಿಸಿ, ಮಧ್ಯಾಹ್ನದ ಬಸ್ಸಿಗೆ ಹೊರಟೆವು. ಈಗ ಪೆಟ್ರೋಲಿಲ್ಲದೆ ಬಸ್ಸುಗಳೆಲ್ಲ ಇದ್ದಲಿನ ಹೊಗೆಯಲ್ಲಿ ಓಡುತ್ತವಲ್ಲ, ನಿದಿಗೆಯ ಹತ್ತಿರ ಅದು ಕೆಮ್ಮಿ ಕೆಮ್ಮಿ ನಿಂತಿತು. ಎಲ್ಲರೂ ಮರದಡಿ ಕೂತರು. ಇದ್ದಲು ಮತ್ತೆ ಹೊತ್ತಿಕೊಳ್ಳಲು ಎಷ್ಟು ಹೊತ್ತಾಗುತ್ತದೋ ಎಂದು ನಾನು ನಡೆದೇ ಬಂದೆ. ನಾಲ್ಕು ಮೈಲಿಯಿರಬಹುದು. ಚೌಡಪ್ಪ ಟ್ರಂಕನ್ನು ಬಸ್ಸಿನವರಿಗೆ ಒಪ್ಪಿಸಿ ಬರಿಗೈಯಲ್ಲಿ ಬಂದರೂ ಹಿಂದೆ ಹಿಂದೆ ಉಳಿಯುತ್ತಿದ್ದ. ಜವಾನರಿಗೂ ಈಗ ನಡೆಯಲು ಬರುವುದಿಲ್ಲ.

ಮನೆಯಲ್ಲಿ ಇವರು ಹಲಗೆಯ ಮೇಲೆ ಅಂಗಾತ ಮಲಗಿದ್ದರು. ಮುಖ ಬಿಳಿಚಿತ್ತು. ಉಸ್ತಾದ್ ಕಲ್ಲಪ್ಪ ಬೇಡ ಬೇಡವೆಂದರೂ ಕೇಳದೆ, ಹೊಸದಾಗಿ ಬಂದ ಇಬ್ಬರು ಚಿಕ್ಕ ವಯಸ್ಸಿನ ಗುಮಾಸ್ತರ ಮುಂದೆ ಆ ಕಲ್ಲನ್ನು ಎದೆಮಟ್ಟಕ್ಕೆ ಎತ್ತಿದರಂತೆ. ಎದೆಗೆ ಬಂತು, ಇಳಿಸಲು ಆಗಲಿಲ್ಲ.

ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಅತ್ತೆ, "ನೀನು ಮನೇಲಿದ್ದಿದ್ರೆ ಹೀಗಾಗ್ತಿರಲಿಲ್ಲ" ಎಂದರು.

ನಾನಿದ್ದಿದ್ದರೆ ಆ ಕಲ್ಲು ಹಗುರವಾಗುತ್ತಿತ್ತೇನೋ.

ಮಾರ್ಚ್ ೨೮, ಭಾನುವಾರ

ಹತ್ತು ದಿನ ಬರೆದಿಲ್ಲ. ಎತ್ತುವುದು, ತಿರುಗಿಸುವುದು, ಒರೆಸುವುದು, ಹರಳೆಲೆ ಕಾಯಿಸಿ ಸೊಂಟಕ್ಕೆ ಕಟ್ಟುವುದು. ಇಷ್ಟೆಲ್ಲದರ ನಡುವೆಯೂ ಏಳಕ್ಕೆ ಹೊರಡುತ್ತೇನೆ. ಒಂದು ಗಂಟೆ ಗೋವಿಂದ ಕೂತು ಅವರಪ್ಪನಿಗೆ ಪೇಪರು ಓದುತ್ತಾನೆ. ಅತ್ತೆಯೂ ಬೇಡವೆನ್ನಲಿಲ್ಲ. ಬೇಡವೆಂದರೆ ಏನು ಹೇಳಬೇಕೆಂದು ಸಿದ್ಧಮಾಡಿಟ್ಟುಕೊಂಡಿದ್ದ ಮಾತು ಹಾಗೇ ಉಳಿಯಿತು.

ಇವತ್ತು ಮಧ್ಯಾಹ್ನ ಮಗ್ಗುಲು ತಿರುಗಿಸುವಾಗ ಇವರು ಸೂರಿನ ಕಡೆ ನೋಡುತ್ತಾ, "ಅಣ್ಣ ಹೋದಾಗ ಅವನಿಗೆ ನಲವತ್ತು. ನಿನಗೆ ನೆನಪಿದೆಯಾ?" ಎಂದರು.

ನೆನಪಿಲ್ಲದೆ ಏನು. ಇವರ ಅಣ್ಣ ಕ್ಷಯದಲ್ಲಿ ಹೋದರು. ಕೊನೆಗೆ ಅವರ ಎದೆಯ ಮೂಳೆಗಳನ್ನು ಎಣಿಸಬಹುದಾಗಿತ್ತು.

"ನನಗೆ ಕಾರ್ತೀಕಕ್ಕೆ ನಲವತ್ತು ತುಂಬತ್ತೆ. ಅವನನ್ನ ಎತ್ತಿ ಕೂರಿಸ್ತಿದ್ದವನು ನಾನೇ. ಕಾಗದದ ಹಾಗಿದ್ದ. ಅವತ್ತೇ ಅಂದ್ಕೊಂಡೆ, ನನ್ನ ಮೈ ಹೀಗಾಗೋಕೆ ಬಿಡಬಾರದು ಅಂತ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಮೊದಲು ಕೆಮ್ಮಿ ನೋಡ್ತೀನಿ."

"ನನಗೆ ಯಾಕೆ ಹೇಳಲಿಲ್ಲ?"

"ಹೆದರ್ತೀಯ ಅಂತ."

ಸೊಂಟಕ್ಕೆ ಪಟ್ಟಿ ಬಿಗಿದು ಕಟ್ಟಿ ಹಿತ್ತಿಲಿಗೆ ಬಂದೆ. ನಾಲ್ಕು ವರ್ಷ ಈ ಮನುಷ್ಯನ ಹೆದರಿಕೆಯನ್ನು ಬಾದಾಮಿಯೆಂದುಕೊಂಡು ಅರೆದೆ. ಒಂದು ಮಾತು ಹೇಳಿದ್ದರೆ ಅರೆಯುವಾಗ ಇಷ್ಟು ಶಪಿಸುತ್ತಿರಲಿಲ್ಲ. ನನಗೂ ಹೆದರಿಕೆಯಿದೆ. ದಿನಾ ಮಲಗುವಾಗ ಕಾಲ್ಬೆರಳ ಸಂದಿ ಸಂದಿಯನ್ನು ಮುಟ್ಟಿ ನೋಡಿಕೊಳ್ಳುತ್ತೇನೆ. ಅದನ್ನು ನಾನು ಇವರಿಗೆ ಹೇಳಿದ್ದೇನೆಯೇ? ಹೇಳಿಲ್ಲ. ಹೇಳದಿದ್ದದ್ದಕ್ಕೆ ಯಾರ ಮೇಲೆ ಸಿಟ್ಟು ಮಾಡುವುದೋ ತಿಳಿಯುತ್ತಿಲ್ಲ. ಬಾವಿಯಿಂದ ಬೇಕಾಗದ ನೀರನ್ನೂ ಸೇದಿದೆ.

ಏಪ್ರಿಲ್ ೮, ಗುರುವಾರ

ಯುಗಾದಿ ಮುಗಿಯಿತು. ಇವರು ಗೋಡೆ ಹಿಡಿದು ನಿಲ್ಲುತ್ತಾರೆ.

ಆಸ್ಪತ್ರೆಗೆ ಹೋಗಿದ್ದೆ. ಲೇಡಿ ಡಾಕ್ಟರು ನಳಿಗೆಯನ್ನು ಬೆಳಕಿಗೆ ಹಿಡಿದು, ಜನವರಿಯಲ್ಲಿ ಇಟ್ಟಿಗೆಯ ಬಣ್ಣ ಬಂದಿತ್ತು, ಈಗ ಹಸಿರಿದೆ, ಒಳ್ಳೆಯದು ಎಂದರು. "ರಾಗಿ ಕೆಲಸ ಮಾಡಿದೆ ನೋಡಿ." ರಾಗಿಯಂತೆ.

ಏಪ್ರಿಲ್ ೧೪, ಬುಧವಾರ

ಇವರನ್ನು ನೋಡುವ ಡಾಕ್ಟರು ಮನೆಗೆ ಬಂದಿದ್ದರು. ಬೆನ್ನು ತಟ್ಟಿ, ಕಾಲೆತ್ತಿಸಿ ನೋಡಿ, "ಇನ್ನು ಗರಡಿ ಮರೆತುಬಿಡಿ ರಾಯರೇ. ದಂಡ ಇಲ್ಲ, ಕಲ್ಲಂತೂ ಇಲ್ಲವೇ ಇಲ್ಲ. ದಿನಾ ನಡೀರಿ. ಮೊದಲು ಹತ್ತು ಮನೆ ದೂರ, ಆಮೇಲೆ ಇಪ್ಪತ್ತು. ನಡಿಗೆಯಂಥಾ ವ್ಯಾಯಾಮ ಇನ್ನೊಂದಿಲ್ಲ" ಎಂದರು.

ಇವರ ಮುಖ ನೋಡಲಾಗಲಿಲ್ಲ. ನಗು ಬರುತ್ತದೇನೋ ಎಂದು ಕಾದೆ. ಬರಲಿಲ್ಲ.

ಡಾಕ್ಟರು ಹೋದ ಮೇಲೆ ಇವರು, "ನಾಳೆ ಬೆಳಿಗ್ಗೆ ನಿನ್ನ ಜೊತೆ ನಾನೂ ಬರ್ತೀನಿ. ಒಬ್ಬನೇ ಹೋದ್ರೆ ಎಲ್ಲಾದ್ರೂ ಬಿದ್ದರೆ ಕಷ್ಟ. ಆರೂವರೆಗೆ ಎಬ್ಬಿಸು" ಎಂದರು.

ಹೋಗಕೂಡದು ಎಂದವರೇ ಬರುತ್ತೇನೆ ಎನ್ನುತ್ತಿದ್ದಾರೆ. ನನಗೆ ಗೆದ್ದ ಹಾಗೆ ಅನಿಸಬೇಕಿತ್ತು. ಅನಿಸುತ್ತಿಲ್ಲ. ಮಧ್ಯಾಹ್ನದಿಂದ ಮೈಯೆಲ್ಲ ಉರಿಯುತ್ತಿದೆ. ಸಾರಿಗೆ ಉಪ್ಪು ಎರಡು ಸಲ ಹಾಕಿದೆ.

ಆ ಹೊತ್ತು ಒಂದೇ ಇತ್ತು. ನಾಳೆಯಿಂದ ಅದರಲ್ಲಿ ಇವರ ಕೈ ನನ್ನ ಭುಜದ ಮೇಲೆ ಇರುತ್ತದೆ. ಮೆಲ್ಲಗೆ, ಕಲ್ಲಿದೆ, ಎಡಕ್ಕೆ ಬನ್ನಿ. ಹತ್ತು ಮನೆ ಹೋಗಿ ವಾಪಸ್ಸು. ಅಲ್ಲಿಗೆ ನನ್ನ ನಡಿಗೆಯೂ ಇವರ ಸೇವೆಯೇ ಆಯಿತು. ಬಾದಾಮಿಯ ಪಕ್ಕದಲ್ಲಿ ಅದೂ ಒಂದು.

ಏಪ್ರಿಲ್ ೧೫, ಗುರುವಾರ

ಎಬ್ಬಿಸಲಿಲ್ಲ. ಅವರೇ ಎಚ್ಚರವಾಗಿ ಮಂಚದ ಅಂಚಿನಲ್ಲಿ ಕೂತಿದ್ದರು. ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಕೈಯಲ್ಲಿ ಅವರಪ್ಪನ ಊರುಗೋಲು ಹಿಡಿದಿದ್ದರು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ಹೇಳಿಬಿಟ್ಟೆ.

"ಸಂಜೆ ನಾನು ಕರ್ಕೊಂಡು ಹೋಗ್ತೀನಿ. ಎಷ್ಟು ದೂರ ಬೇಕಾದ್ರೂ. ದಿನಾ. ಬೆಳಿಗ್ಗೆ ಬೇಡ."

"ಯಾಕೆ?"

"ಬೆಳಿಗ್ಗೆ ನಾನು ಒಬ್ಬಳೇ ಹೋಗ್ತೀನಿ."

"ಒಬ್ಬಳೇ ಹೋಗಿ ಏನು ಮಾಡ್ತೀಯ ಅಷ್ಟು ಹೊತ್ತು?"

"ನಡೀತೀನಿ."

ಅವರು ನನ್ನನ್ನೇ ನೋಡಿದರು. ಕೂಗಾಡುತ್ತಾರೆಂದುಕೊಂಡೆ. ಕೂಗಾಡಿದ್ದರೆ ನನಗೂ ಸುಲಭವಾಗುತ್ತಿತ್ತು. ಊರುಗೋಲನ್ನು ಗೋಡೆಗೆ ಒರಗಿಸಿ, "ಸಂಜೆ ಎಷ್ಟು ಗಂಟೆಗೆ?" ಎಂದರು.

"ಐದೂವರೆಗೆ."

ಐದೂವರೆಗೆ ಕರೆದುಕೊಂಡು ಹೋದೆ. ಕೋಟೆ ಬೀದಿಯಲ್ಲಿ ಎಲ್ಲರೂ ಜಗುಲಿಯ ಮೇಲಿರುವ ಹೊತ್ತು. ನನ್ನ ಭುಜ ಹಿಡಿದು ಒಂದೊಂದೇ ಹೆಜ್ಜೆ ಇಟ್ಟರು. ಶಕುಂತಲಮ್ಮ ಎದ್ದು ನಿಂತು ನೋಡಿದರು. ಇವರ ಕೈ ಬೆವರಿ ನನ್ನ ಸೆರಗು ಒದ್ದೆಯಾಯಿತು. "ತಲೆ ಎತ್ತಿ ನಡೀರಿ. ಬಗ್ಗಿದ್ರೆ ನೋವು ಜಾಸ್ತಿ" ಎಂದೆ. ಎತ್ತಿದರು. ಹನ್ನೊಂದು ಮನೆಯವರೆಗೆ ಹೋಗಿ, ಎಣ್ಣೆಯಂಗಡಿಯ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡು ಬಂದೆವು.

ವಾಪಸ್ಸು ಬರುವಾಗ, "ಸೇತುವೆ ಇಲ್ಲಿಂದ ಎಷ್ಟಾಗತ್ತೆ?" ಎಂದು ಕೇಳಿದರು.

"ನಾನು ಆಚೆ ತುದಿ ದಾಟಿ ಮೈಲಿಗಲ್ಲಿನ ತನಕ ಹೋಗ್ತೀನಿ."

"ದಿನಾ?"

"ದಿನಾ."

ಆಮೇಲೆ ಮನೆಯವರೆಗೂ ನನ್ನ ಭುಜವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡು ಬಂದರು. ನೋವಿಗೋ ಏನೋ.

ಏಪ್ರಿಲ್ ೨೦, ಮಂಗಳವಾರ

ಬಿಸಿಲು ಜೋರಾಗಿದೆ, ಸ್ವಲ್ಪ ಬೇಗ ಹೊರಡಬೇಕಾಗುತ್ತದೆ. ಇವತ್ತು ಎದ್ದು ನೋಡಿದರೆ ಹಂಡೆಯ ಒಲೆ ಆಗಲೇ ಉರಿಯುತ್ತಿತ್ತು. ಅತ್ತೆ ಮಣೆ ಹಾಕಿಕೊಂಡು ಮುಂದೆ ಕೂತಿದ್ದರು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಬೆಂಕಿಯ ಕಡೆ ನೋಡುತ್ತಲೇ ಕೇಳಿದರು.

"ಸೇತುವೆ ನಡುವೆ ನಿಂತು ನೋಡಿದ್ರೆ ಹೊಳೆ ಹೇಗೆ ಕಾಣತ್ತೆ?"

ನನಗೆ ಅರ್ಥವಾಗಲಿಲ್ಲ. "ನೀವು ನೋಡಿಲ್ವಾ?" ಎಂದೆ.

"ಮದುವೆಯಾಗಿ ಬರುವಾಗ ಅದರ ಮೇಲೇ ಬಂದದ್ದು. ಕಮಾನುಗಾಡಿಗೆ ಪರದೆ ಕಟ್ಟಿದ್ರು. ಸದ್ದು ಕೇಳ್ತು. ಚಕ್ರದ ಸದ್ದು ಬೇರೆ ಥರಾ ಆಯ್ತು, ಆಗ ಯಾರೋ, ಹೊಳೆ ದಾಟ್ತಿದೀವಿ ಅಂದ್ರು. ಆಮೇಲೆ ನಾನು ಈ ಕಡೆಯೇ ಉಳ್ಕೊಂಡೆ."

ನಲವತ್ತೈದು ವರ್ಷವಾಗಿರಬೇಕು. ಮನೆಯಿಂದ ಸೇತುವೆ ಕಾಲು ಗಂಟೆಯ ದಾರಿ.

ಇಷ್ಟು ದಿನ ಇಷ್ಟು ಸಲ ದಾಟಿದ್ದೇನೆ. ಇವರನ್ನು ಬೈಯುತ್ತಾ, ಶಕುಂತಲಮ್ಮನನ್ನು ಬೈಯುತ್ತಾ, ಈ ಅತ್ತೆಯನ್ನೇ ಬೈಯುತ್ತಾ ಹೋಗಿ ಬಂದಿದ್ದೇನೆ. ಕೆಳಗೆ ಹೊಳೆಯಿತ್ತು, ಅಷ್ಟು ಗೊತ್ತು. ತಿರುಗಿ ನೋಡಿದ್ದೇ ಇಲ್ಲ.

"ನೋಡಿಲ್ಲ ಅತ್ತೆ. ಇವತ್ತು ನಿಂತು ನೋಡಿ ಬಂದು ಹೇಳ್ತೀನಿ" ಎಂದೆ.

"ಹೂಂ. ಅವಸರ ಮಾಡಬೇಡ. ನೀರು ನಾನು ನೋಡ್ಕೋತೀನಿ" ಎಂದು ಅವರು ಒಲೆಗೆ ಇನ್ನೊಂದು ಸೌದೆ ತಳ್ಳಿದರು.